ಯೂನಿವರ್ಸಿಟಿಗೆ ಹೊರಡುವ ಮುಂಚೆ: ಆಟಿಸಂ, ಎಡಿಎಚ್‌ಡಿ ಅಥವಾ ಅಂಗವೈಕಲ್ಯ ಇರುವ ವಿದ್ಯಾರ್ಥಿಯ ತಯಾರಿ

ಯೂನಿವರ್ಸಿಟಿಗೆ ಹೊರಟವರಿಗೆ ಎಲ್ಲರೂ ಹೇಳುವ ಮಾತು ಒಂದೇ: ಪಾಠ ಕಷ್ಟ ಇರುತ್ತದೆ, ಚೆನ್ನಾಗಿ ಓದಿ. ಆಟಿಸಂ (ಜನರೊಡನೆ ಬೆರೆಯುವ, ಸದ್ದು-ಬೆಳಕು ಗ್ರಹಿಸುವ ರೀತಿಯೇ ಬೇರೆ ಇರುವುದು), ಎಡಿಎಚ್‌ಡಿ (ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವುದು), ಡಿಸ್ಲೆಕ್ಸಿಯಾ (ಓದು-ಬರಹ ಕಷ್ಟವಾಗುವುದು) ಇರುವವರಿಗೆ, ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ವೀಲ್‌ಚೇರ್ ಬಳಸುವವರಿಗೆ, ವರ್ಷಗಟ್ಟಲೆ ಕಾಡುವ ಕಾಯಿಲೆ ಇರುವವರಿಗೆ ಪಾಠಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಶಾಲೆಯಲ್ಲಿ ನೆರವು ಬೇಕು ಅಂತ ಬೇರೆಯವರು ಗಮನಿಸುತ್ತಿದ್ದರು. ಯೂನಿವರ್ಸಿಟಿಯಲ್ಲಿ ಯಾರೂ ಗಮನಿಸುವುದಿಲ್ಲ. ನೀವೇ ಹೋಗಿ ಹೇಳಬೇಕು, ನೀವೇ ಕೇಳಬೇಕು, ಕಾಗದ ಕೊಡಬೇಕು, ಆಮೇಲೆ ನೆನಪಿಸಬೇಕು.

ಇದು ಬರೀ ಅಲ್ಲಿನವರ ಉದಾಸೀನ ಅಲ್ಲ. ಎಷ್ಟೋ ದೇಶಗಳಲ್ಲಿ ವ್ಯವಸ್ಥೆ ಇರುವುದೇ ಹಾಗೆ. ಅಮೆರಿಕದಲ್ಲಿ ವಿಶೇಷ ಶಿಕ್ಷಣದ ಕಾನೂನಿನ ಪ್ರಕಾರ ನೆರವು ಬೇಕಾದ ಮಗುವನ್ನು ಗುರುತಿಸುವುದು ಶಾಲಾ ವ್ಯವಸ್ಥೆಯ ಹೊಣೆ. ಶಾಲೆ ಮುಗಿದರೆ ಆ ಕಾನೂನೂ ಮುಗಿಯಿತು. ಮುಂದೆ ಅನ್ವಯ ಆಗುವುದು 1973ರ ಪುನರ್ವಸತಿ ಕಾಯ್ದೆ ಮತ್ತು 1990ರ ಅಂಗವಿಕಲರ ಕಾಯ್ದೆ. ಅವುಗಳಡಿ ಹೊಂದಾಣಿಕೆ, ಅಂದರೆ ಪರೀಕ್ಷೆಗೆ ಹೆಚ್ಚುವರಿ ಸಮಯ, ಪ್ರತ್ಯೇಕ ಕೊಠಡಿಯಂಥ ಅನುಕೂಲ, ಸಿಗುತ್ತದೆ, ಆದರೆ ವಿದ್ಯಾರ್ಥಿ ತಾನಾಗಿ ಮುಂದೆ ಬಂದು ಕೇಳಬೇಕು. ಇಂಗ್ಲೆಂಡಿನಲ್ಲೂ ಶಾಲೆಯಲ್ಲಿದ್ದ ನೆರವಿನ ಯೋಜನೆ ಯೂನಿವರ್ಸಿಟಿಯ ಬಾಗಿಲಲ್ಲಿ ನಿಲ್ಲುತ್ತದೆ. ಅಂಗವಿಕಲ ವಿದ್ಯಾರ್ಥಿಗಳ ಭತ್ಯೆಗೆ ಹೊಸದಾಗಿ ಅರ್ಜಿ ಹಾಕಬೇಕು. ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ತೊಂದರೆಗಳು ಅದರಲ್ಲಿವೆ. ಎಡಿಎಚ್‌ಡಿಗೆ ಪ್ರತ್ಯೇಕ ಜಾಗ ಇಲ್ಲ. 40% ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5% ಸೀಟು, ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ ಇದೆ. ಆ 40%ರ ಗೆರೆ ಎಲ್ಲಕ್ಕೂ ಅಡ್ಡ ಬರುವುದಿಲ್ಲ. ಪರೀಕ್ಷೆಯಲ್ಲಿ ಸ್ಕ್ರೈಬ್ (ವಿದ್ಯಾರ್ಥಿ ಹೇಳಿದ ಉತ್ತರವನ್ನು ಬರೆಯುವವರು) ಕೊಡುವುದನ್ನು ಆ ಗೆರೆ ದಾಟಿದವರಿಗೆ ಮಾತ್ರ ಸೀಮಿತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಇದೆಲ್ಲಕ್ಕೂ ಮೇಲೆ, ಉನ್ನತ ಶಿಕ್ಷಣದಲ್ಲಿ ಹೊಂದಾಣಿಕೆ ಒದಗಿಸಬೇಕು ಎನ್ನುವುದು ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯಲ್ಲೇ ಇದೆ.

ಅಂದರೆ ನೀವು ಕೇಳುತ್ತಿರುವುದು ಉಪಕಾರವಲ್ಲ. ಇದನ್ನು ಮನಸ್ಸಿಗೆ ತೆಗೆದುಕೊಂಡೇ ಹೊರಡಿ.

ಈ ಹಕ್ಕುಗಳ ಹಿಂದೆ ವಿದ್ಯಾರ್ಥಿಗಳೇ ಇದ್ದಾರೆ. 1962ರಲ್ಲಿ ಎಡ್ ರಾಬರ್ಟ್ಸ್ ಎಂಬ ಯುವಕ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ಗೆ ಸೇರಿದರು. ಪೋಲಿಯೋದಿಂದ ಕತ್ತಿನ ಕೆಳಗೆ ದೇಹ ಹೆಚ್ಚುಕಡಿಮೆ ಸ್ವಾಧೀನದಲ್ಲಿರಲಿಲ್ಲ. ರಾತ್ರಿ ಉಸಿರಾಡಲು ಕಬ್ಬಿಣದ ಶ್ವಾಸಕೋಶ ಎಂಬ ದೊಡ್ಡ ಯಂತ್ರ ಬೇಕಿತ್ತು. ಹಾಸ್ಟೆಲ್ ಕೋಣೆಯ ನೆಲ ಆ ಭಾರ ತಾಳುವಂತಿರಲಿಲ್ಲ. ಹಾಗಾಗಿ ಕ್ಯಾಂಪಸ್ ಆಸ್ಪತ್ರೆಯ ಒಂದು ಭಾಗವೇ ಅವರ ಹಾಸ್ಟೆಲ್ ಆಯಿತು. ಮುಂದಿನ ವರ್ಷಗಳಲ್ಲಿ ಅವರಂತೆಯೇ ಇದ್ದ ಇನ್ನಷ್ಟು ಜನ ಅಲ್ಲಿಗೆ ಬಂದರು. ಅವರೆಲ್ಲ ಸೇರಿ ದನಿ ಎತ್ತಿದ್ದರಿಂದ 1970ರಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮ ಶುರುವಾಯಿತು. ಅದನ್ನು ನಡೆಸಿದವರೂ ವಿದ್ಯಾರ್ಥಿಗಳೇ. ಇವತ್ತು ನೀವು ಅರ್ಜಿ ಹಿಡಿದು ಹೋಗುವ ಅಂಗವಿಕಲರ ಘಟಕ ಅಥವಾ ಸಮಾನ ಅವಕಾಶ ಕೇಂದ್ರಕ್ಕೆ ಇಂಥ ಹಿನ್ನೆಲೆ ಇದೆ.

ಮೊದಲು ಮಾಡಬೇಕಾದ ಕೆಲಸ: ಕಾಣದ ನೆರವನ್ನು ಬರೆದಿಡುವುದು

ತಯಾರಿ ಅಂದ ಕೂಡಲೇ ಜನ ಲ್ಯಾಪ್‌ಟಾಪ್, ಆ್ಯಪ್, ಹೆಡ್‌ಫೋನ್ ಅಂತ ಹೊರಡುತ್ತಾರೆ. ಅವೆಲ್ಲ ಆಮೇಲೆ. ಮೊದಲು ಒಂದು ವಾರ, ದಿನದ ಕೊನೆಯಲ್ಲಿ, ಇವತ್ತು ಬೇರೆಯವರು ನನಗಾಗಿ ಏನೇನು ಮಾಡಿದರು ಅಂತ ಬರೆಯಿರಿ.

ಬೆಳಿಗ್ಗೆ ಎಬ್ಬಿಸಿದವರು ಯಾರು? ಮಾತ್ರೆ ತಗೊಂಡ್ಯಾ ಅಂತ ಕೇಳಿದವರು ಯಾರು? ಶೀಟಿನ ಮೇಲಿದ್ದ ಸಣ್ಣ ಅಕ್ಷರ ಓದಿ ಹೇಳಿದ್ದು ಯಾರು? ಪರೀಕ್ಷೆಯ ದಿನಾಂಕ ಬದಲಾಗಿದೆ ಅಂತ ಫೋನ್ ಮಾಡಿದ್ದು ಗೆಳತಿಯೋ ಅಮ್ಮನೋ? ತರಗತಿಯಲ್ಲಿ ಗಲಾಟೆ ಜಾಸ್ತಿ ಆದಾಗ "ಸ್ವಲ್ಪ ಹೊರಗೆ ಹೋಗಿ ಬಾ" ಅಂತ ಕಣ್ಸನ್ನೆ ಮಾಡಿದ ಮೇಡಂ ಇದ್ದರಲ್ವಾ? ಇವೆಲ್ಲ ನೆರವೇ. ಯಾವ ವರದಿಯಲ್ಲೂ ಇರುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ನಡೆದುಕೊಂಡು ಬಂದಿರುತ್ತದೆ. ಯೂನಿವರ್ಸಿಟಿಗೆ ಹೋದ ದಿನ ಎಲ್ಲವೂ ಒಟ್ಟಿಗೆ ನಿಂತುಹೋಗುತ್ತದೆ. ಓದಿನಲ್ಲಿ ಮುಂದಿದ್ದವರು ಮೊದಲ ಸೆಮಿಸ್ಟರ್‌ನಲ್ಲೇ ಕುಸಿದು ಬಿದ್ದರೆ, ಕಾರಣ ಬಹಳ ಸಲ ಇಲ್ಲೇ ಇರುತ್ತದೆ.

ಪಟ್ಟಿ ಆದ ಮೇಲೆ ಒಂದೊಂದನ್ನೂ ನೋಡಿ. ಯಾವುದನ್ನು ನಾನೇ ಕಲಿಯಬಹುದು? ಯಾವುದನ್ನು ಅಲಾರಂ, ಕ್ಯಾಲೆಂಡರ್, ಸಾಫ್ಟ್‌ವೇರ್‌ಗೆ ಬಿಡಬಹುದು? ಯಾವುದಕ್ಕೆ ಮನುಷ್ಯರೇ ಬೇಕು? ಮೂರನೆಯದು ಇದ್ದರೆ ನಾಚಿಕೆ ಬೇಡ. ದಿನಕ್ಕೊಮ್ಮೆ ಮನೆಗೆ ಫೋನ್ ಮಾಡಿ "ಮಾತ್ರೆ ಆಯ್ತು" ಅಂತ ಹೇಳುವುದು ಸೋಲಲ್ಲ. ಎಲ್ಲವನ್ನೂ ಒಬ್ಬರೇ ಮಾಡಿ ತೋರಿಸಬೇಕು ಅನ್ನುವ ಹಟ ತುಂಬಾ ಜನರನ್ನು ಸುಸ್ತು ಮಾಡಿದೆ. ಕಲಿಯಬೇಕಾದವನ್ನು ಮಾತ್ರ ಹೊರಡುವುದಕ್ಕೆ ತಿಂಗಳುಗಳ ಮುಂಚೆ, ಒಂದೊಂದಾಗಿ, ಮನೆಯಲ್ಲಿದ್ದಾಗಲೇ ಶುರು ಮಾಡಿ: ಬಟ್ಟೆ ಒಗೆಯುವುದು, ಡಾಕ್ಟರ ಅಪಾಯಿಂಟ್‌ಮೆಂಟ್ ತಾವೇ ತೆಗೆದುಕೊಳ್ಳುವುದು, ಫಾರಂ ತುಂಬುವುದು.

ಕಾಗದಪತ್ರ

ಹೊಂದಾಣಿಕೆಗೆ ದಾಖಲೆ ಕೇಳುತ್ತಾರೆ. ಇಲ್ಲಿ ಎರಡು ಕಡೆ ಜನ ಸಿಕ್ಕಿಬೀಳುತ್ತಾರೆ. ಒಂದು, ವರದಿ ಹಳೆಯದಾಗಿರುವುದು. ಎರಡನೇ ತರಗತಿಯಲ್ಲಿ ಮಾಡಿಸಿದ ಡಿಸ್ಲೆಕ್ಸಿಯಾ ಪರೀಕ್ಷೆಯನ್ನು ಕೆಲವು ಕಡೆ ಒಪ್ಪುವುದಿಲ್ಲ. ಹದಿಹರೆಯ ದಾಟಿದ ಮೇಲಿನ ವರದಿ ಬೇಕು ಅನ್ನುತ್ತಾರೆ. ಹೊಸ ಪರೀಕ್ಷೆಗೆ ಸರದಿ ತಿಂಗಳುಗಟ್ಟಲೆ ಇರಬಹುದು. ಆದ್ದರಿಂದ ಸೇರಬೇಕೆಂದಿರುವ ಸಂಸ್ಥೆಗೆ ಈಗಲೇ ಬರೆದು ಕೇಳಿ: ಯಾರ ಸಹಿ ಇರಬೇಕು, ಎಷ್ಟು ವರ್ಷದ ಒಳಗಿನ ವರದಿ ಆಗಬೇಕು, ಕೊನೆಯ ದಿನಾಂಕ ಯಾವುದು.

ಇನ್ನೊಂದು, ವರದಿಯಲ್ಲಿ ಬರೀ ಕಾಯಿಲೆಯ ಹೆಸರು ಇರುವುದು. "ಎಡಿಎಚ್‌ಡಿ ಇದೆ" ಎಂಬ ಒಂದು ಸಾಲು ಅಲ್ಲಿನವರಿಗೆ ಏನೂ ಹೇಳುವುದಿಲ್ಲ. ಓದುವುದು, ಬರೆಯುವುದು, ಕೂರುವುದು, ನೆನಪಿಡುವುದು, ನಡೆಯುವುದು, ಇವುಗಳಲ್ಲಿ ಯಾವುದಕ್ಕೆ ಎಷ್ಟು ತೊಂದರೆ, ಯಾವ ನೆರವಿನಿಂದ ಅದು ಕಡಿಮೆಯಾಗುತ್ತದೆ ಅಂತ ಬರೆಯಲು ಡಾಕ್ಟರಿಗೋ ಮನಶ್ಶಾಸ್ತ್ರಜ್ಞರಿಗೋ ಕೇಳಿಕೊಳ್ಳಿ. ಶಾಲೆಯಲ್ಲಿ ಏನೇನು ಹೊಂದಾಣಿಕೆ ಕೊಟ್ಟಿದ್ದರು ಎಂಬ ಪತ್ರವನ್ನೂ ಶಾಲೆ ಬಿಡುವ ಮುಂಚೆಯೇ ತೆಗೆದುಕೊಂಡಿರಿ. ಆಮೇಲೆ ಹಳೆಯ ಫೈಲ್ ಹುಡುಕಿಸುವುದು ಕಷ್ಟ.

ಹೇಳುವುದೋ ಬೇಡವೋ

ಈ ಪ್ರಶ್ನೆ ಎಲ್ಲರನ್ನೂ ಕಾಡುತ್ತದೆ. ಹೇಳಿದರೆ ಸೀಟು ತಪ್ಪುತ್ತದಾ? ಸರ್‌ಗಳು ಬೇರೆ ಥರ ನೋಡ್ತಾರಾ? ಭಯ ಸುಳ್ಳಲ್ಲ. ತಾರತಮ್ಯ ಮಾಡುವವರು ಇದ್ದೇ ಇದ್ದಾರೆ. ಹಾಗಿದ್ದರೂ ನನ್ನ ಅಭಿಪ್ರಾಯ ಸ್ಪಷ್ಟ: ಸೀಟು ಖಚಿತವಾದ ಕೂಡಲೇ ಅಂಗವಿಕಲರ ಘಟಕಕ್ಕೆ ಹೇಳಿಬಿಡಿ. ಅವರಿಗೆ ಹೇಳುವುದಕ್ಕೂ ಇಡೀ ಕಾಲೇಜಿಗೆ ಹೇಳುವುದಕ್ಕೂ ವ್ಯತ್ಯಾಸ ಇದೆ. ಮಾಹಿತಿ ಯಾರ ಹತ್ತಿರ ಹೋಗುತ್ತದೆ, ಪ್ರಾಧ್ಯಾಪಕರಿಗೆ ಕಾಯಿಲೆಯ ಹೆಸರು ಗೊತ್ತಾಗುತ್ತದಾ ಅಥವಾ ಬೇಕಾದ ಹೊಂದಾಣಿಕೆ ಮಾತ್ರವಾ ಅಂತ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸಹಪಾಠಿಗಳಿಗೆ, ರೂಮ್‌ಮೇಟ್‌ಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ಪೂರ್ತಿ ನಿಮ್ಮಿಷ್ಟ.

ನೋಡೋಣ, ಬೇಕಾದರೆ ಆಮೇಲೆ ಹೇಳೋಣ ಅಂತ ಕಾಯುವವರು ಜಾಸ್ತಿ. ತೊಂದರೆ ಏನೆಂದರೆ ಹೊಂದಾಣಿಕೆ ಸಾಮಾನ್ಯವಾಗಿ ಕೇಳಿದ ದಿನದಿಂದ ಮುಂದಕ್ಕೆ ಸಿಗುತ್ತದೆ. ಫೇಲ್ ಆದ ಪರೀಕ್ಷೆಗೆ ಹಿಂದಕ್ಕೆ ಹೋಗಿ ಹೆಚ್ಚುವರಿ ಸಮಯ ಕೊಡುವುದಿಲ್ಲ. ಈಗಲೇ ಮಂಜೂರಾಗಿದ್ದರೆ, ಬೇಡವಾದಾಗ ಬಳಸದೆ ಬಿಡಬಹುದು.

ಕೇಳುವುದು ಹೇಗೆ? ಒಂದು ಇಮೇಲ್ ಹೀಗಿರಬಹುದು:

"ಮಾನ್ಯರೇ, ಈ ವರ್ಷ ಮೊದಲ ಸೆಮಿಸ್ಟರ್‌ಗೆ ಸೇರುತ್ತಿದ್ದೇನೆ. ನನಗೆ ಡಿಸ್ಲೆಕ್ಸಿಯಾ ಮತ್ತು ಎಡಿಎಚ್‌ಡಿ ಇದೆ. ಉದ್ದದ ಪಠ್ಯ ಓದಲು ಉಳಿದವರಿಗಿಂತ ಹೆಚ್ಚು ಹೊತ್ತು ಬೇಕು. ಪಾಠ ಕೇಳುತ್ತಾ ಬರೆದುಕೊಳ್ಳಲು ಆಗುವುದಿಲ್ಲ. ಬರೆಯಲು ಹೋದರೆ ಕೇಳಿದ್ದು ತಪ್ಪಿಹೋಗುತ್ತದೆ. ಶಾಲೆಯಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ ಮತ್ತು ಪ್ರತ್ಯೇಕ ಕೊಠಡಿ ಕೊಟ್ಟಿದ್ದರು, ಅದರಿಂದ ಅನುಕೂಲ ಆಗಿತ್ತು. ಇಲ್ಲೂ ಅವೆರಡು ಬೇಕು. ಜೊತೆಗೆ ಸ್ಲೈಡ್‌ಗಳನ್ನು ತರಗತಿಗೆ ಒಂದು ದಿನ ಮುಂಚೆ ಪಡೆಯಲು ಮತ್ತು ಪಾಠವನ್ನು ನನ್ನ ಓದಿಗಾಗಿ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೋರುತ್ತೇನೆ. ವರದಿ ಲಗತ್ತಿಸಿದ್ದೇನೆ. ಫೋನಿಗಿಂತ ಇಮೇಲ್ ನನಗೆ ಸುಲಭ."

ಇದರಲ್ಲಿ ಕ್ಷಮೆ ಕೇಳಿಲ್ಲ, ಬಾಲ್ಯದ ಕಥೆ ಇಲ್ಲ. ಎಲ್ಲಿ ಸಿಕ್ಕಿಕೊಳ್ಳುತ್ತೇನೆ, ಹಿಂದೆ ಯಾವುದು ಕೆಲಸ ಮಾಡಿದೆ, ಈಗ ಏನು ಬೇಕು, ಅಷ್ಟೇ. ಮುಖಾಮುಖಿ ಮಾತಾಡಿದರೂ ಅದೇ ದಿನ ಸಂಜೆ "ನಾವು ಒಪ್ಪಿಕೊಂಡದ್ದು ಇಷ್ಟು" ಅಂತ ಒಂದು ಇಮೇಲ್ ಹಾಕಿ. ಸಿಬ್ಬಂದಿ ಬದಲಾದಾಗ ಆ ಒಂದು ಇಮೇಲ್ ನಿಮ್ಮನ್ನು ಕಾಯುತ್ತದೆ.

ಏನು ಕೇಳಬೇಕು?

ಬಹಳಷ್ಟು ಸಂಸ್ಥೆಗಳು ಎಲ್ಲರಿಗೂ ಒಂದೇ ಮದ್ದು ಕೊಡುತ್ತವೆ: ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ. ನಿಧಾನವಾಗಿ ಓದುವವರಿಗೆ, ಸ್ಕ್ರೈಬ್ ಕೈಲಿ ಬರೆಸುವವರಿಗೆ ಅದು ಬೇಕೇ ಬೇಕು. ಆದರೆ ಹಾಲ್‌ನ ಫ್ಯಾನ್ ಸದ್ದು, ಪಕ್ಕದವರ ಪೆನ್ನಿನ ಟಿಕ್ ಟಿಕ್ ತಲೆಗೆ ಹೊಡೆಯುವ ಆಟಿಸ್ಟಿಕ್ ವಿದ್ಯಾರ್ಥಿಗೆ ಅದೇ ಹಾಲ್‌ನಲ್ಲಿ ಇನ್ನೂ ಒಂದು ಗಂಟೆ ಕೂರಿಸಿದರೆ ಏನು ಉಪಯೋಗ? ಅವರಿಗೆ ಬೇಕಿರುವುದು ಸಣ್ಣ, ಶಾಂತ ಕೊಠಡಿ. ಸಂಧಿವಾತ ಇರುವವರಿಗೆ ಎದ್ದು ಓಡಾಡಲು, ಮಧುಮೇಹ ಇರುವವರಿಗೆ ಸಕ್ಕರೆ ಪ್ರಮಾಣ ನೋಡಿಕೊಳ್ಳಲು ನಡುವೆ ಬಿಡುವು ಬೇಕು, ಆ ಬಿಡುವಿನಲ್ಲಿ ಗಡಿಯಾರ ನಿಲ್ಲಬೇಕು. ಆದ್ದರಿಂದ ಹೊಂದಾಣಿಕೆಯ ಹೆಸರಿನಿಂದ ಶುರು ಮಾಡಬೇಡಿ, ತೊಂದರೆಯಿಂದ ಶುರು ಮಾಡಿ.

ಕಣ್ಣು ಕಾಣದವರು, ಓದಲು ಕಷ್ಟ ಇರುವವರು ಪುಸ್ತಕಪಟ್ಟಿಯನ್ನು ಸೆಮಿಸ್ಟರ್‌ಗೆ ಮೊದಲೇ ಕೇಳಿ ಪಡೆಯಬೇಕು. ಪಿಡಿಎಫ್ ಇದೆ ಅಂದಾಕ್ಷಣ ಕೆಲಸ ಆಯಿತು ಅಂತಲ್ಲ. ಅದನ್ನು ತೆರೆದು ಒಂದು ಸಾಲನ್ನು ಮೌಸ್‌ನಿಂದ ಆಯ್ಕೆ ಮಾಡಲು ಯಾರಿಂದಾದರೂ ಪ್ರಯತ್ನಿಸಿ ನೋಡಿಸಿ. ಅಕ್ಷರಗಳು ಆಯ್ಕೆ ಆಗದೆ ಪುಟ ಬರೀ ಚಿತ್ರದಂತೆ ಇದ್ದರೆ, ಅದು ಸ್ಕ್ಯಾನ್ ಮಾಡಿದ ಫೋಟೋ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಸಾಫ್ಟ್‌ವೇರ್‌ಗೆ ಅದು ಖಾಲಿ ಹಾಳೆ. ಮೊದಲು ಅಕ್ಷರ ಗುರುತಿಸುವ ಓಸಿಆರ್ ಮಾಡಿಸಬೇಕು, ಆಮೇಲೆ ತಪ್ಪು ತಿದ್ದಬೇಕು. ಗಣಿತದ ಸೂತ್ರ, ಗ್ರಾಫ್, ರಾಸಾಯನಿಕ ರಚನೆಗಳಿಗೆ ಇನ್ನೂ ಹೊತ್ತು ಹಿಡಿಯುತ್ತದೆ. ಮುಟ್ಟಿ ತಿಳಿಯುವ ಚಿತ್ರಗಳು ಬೇಕಾಗಬಹುದು. ವಾರಗಳ ಕೆಲಸ ಇದು. ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ದೃಷ್ಟಿ ಇಲ್ಲದ ಇಬ್ಬರು ಆಸ್ಟ್ರೇಲಿಯನ್ನರು 2006ರಲ್ಲಿ ಶುರು ಮಾಡಿದ ಕೆಲಸ ಅದು. ಹೊಸ ಸಾಫ್ಟ್‌ವೇರ್ ಕಲಿಯುವುದನ್ನು ರಜೆಯಲ್ಲೇ ಮುಗಿಸಿ. ಪಾಠವನ್ನೂ ಉಪಕರಣವನ್ನೂ ಒಟ್ಟಿಗೆ ಕಲಿಯುವುದು ಬಹಳ ಭಾರ. ಪುಸ್ತಕವನ್ನು ಓದಬಲ್ಲ ರೂಪಕ್ಕೆ ತಂದರೆ ಕಾಪಿರೈಟ್ ತೊಂದರೆ ಅಂತ ಗ್ರಂಥಾಲಯದವರು ಹಿಂಜರಿದರೆ 2013ರ ಮರಕೇಶ್ ಒಪ್ಪಂದದ ಬಗ್ಗೆ ಹೇಳಿ. ಮುದ್ರಿತ ಅಕ್ಷರ ಓದಲಾಗದವರಿಗಾಗಿ ಅಂಥ ಪ್ರತಿ ಮಾಡಲು, ದೇಶದಿಂದ ದೇಶಕ್ಕೆ ಕಳಿಸಲು ಅವಕಾಶ ಕೊಡುವ ಒಪ್ಪಂದ ಅದು. ಅದಕ್ಕೆ ಮೊದಲು ಅಂಗೀಕಾರ ಕೊಟ್ಟ ದೇಶ ಭಾರತ, 2014ರಲ್ಲಿ.

ಕಿವಿ ಕೇಳದವರಿಗೆ, ಮಾತನ್ನು ಕಂಪ್ಯೂಟರ್ ತಾನಾಗಿ ಅಕ್ಷರದಲ್ಲಿ ತೋರಿಸುವ ಆಟೋಮ್ಯಾಟಿಕ್ ಕ್ಯಾಪ್ಷನ್ ಸಾಕು ಅಂತ ಹೇಳಿ ಕೈತೊಳೆದುಕೊಳ್ಳುವುದುಂಟು. ಪಾಠದ ಪಾರಿಭಾಷಿಕ ಪದಗಳಲ್ಲೇ, ಅಂದರೆ ತಪ್ಪಬಾರದ ಕಡೆಯೇ, ಅದು ಜಾಸ್ತಿ ತಪ್ಪುತ್ತದೆ. ಸಂಜ್ಞೆ ಭಾಷೆಯ ಅನುವಾದಕರಿಗೂ, ಪಾಠವನ್ನು ಕೇಳುತ್ತಾ ಕೂತು ಟೈಪ್ ಮಾಡಿ ತೋರಿಸುವವರಿಗೂ ಸ್ಲೈಡ್‌ಗಳು ಮುಂಚಿತವಾಗಿ ಸಿಗಬೇಕು. ಶ್ರವಣಯಂತ್ರಕ್ಕೆ ನೇರ ದನಿ ಕಳಿಸುವ ಮೈಕ್ ಇದ್ದರೂ, ಅದನ್ನು ಪ್ರಾಧ್ಯಾಪಕರು ಕೊರಳಿಗೆ ಹಾಕಿಕೊಂಡರೆ ಮಾತ್ರ ಉಪಯೋಗ. ಹಿಂದಿನ ಬೆಂಚಿನವರ ಪ್ರಶ್ನೆಯನ್ನು ಅವರು ಮೈಕಿನಲ್ಲಿ ಮತ್ತೊಮ್ಮೆ ಹೇಳಬೇಕು. ಇದನ್ನು ಮೊದಲ ವಾರವೇ ಹೇಳಿ.

ಎಡಿಎಚ್‌ಡಿ ಇರುವವರಿಗೆ ಪರೀಕ್ಷೆಗಿಂತ ಅಸೈನ್‌ಮೆಂಟ್ ಅಪಾಯ. ಎಂಟು ವಾರದ ನಂತರ ಕೊಡಬೇಕಾದದ್ದು ಏಳು ವಾರ ಕಣ್ಣಿಗೇ ಬೀಳುವುದಿಲ್ಲ. ಅದು ಸೋಮಾರಿತನ ಅಲ್ಲ. ದೂರದ ಸಮಯವನ್ನು ಅಂದಾಜು ಮಾಡುವುದು, ಕೆಲಸ ಶುರು ಮಾಡುವುದು, ಇವೇ ಅವರಿಗೆ ಕಷ್ಟದ ಜಾಗಗಳು. ಗಡುವು ಮುಂದೂಡಿದರೆ ಒತ್ತಡವೂ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಅದರ ಬದಲು, ದೊಡ್ಡ ಕೆಲಸವನ್ನು ತುಂಡು ಮಾಡಿ, ಪ್ರತಿ ವಾರ ಒಂದು ತುಂಡನ್ನು ಟ್ಯೂಟರಿಗೋ ಸೀನಿಯರಿಗೋ ತೋರಿಸುವ ಏರ್ಪಾಡು ಕೇಳಿ. ಮೊದಲ ವಾರ ವಿಷಯ ಮಾತ್ರ, ಎರಡನೇ ವಾರ ಓದಬೇಕಾದವುಗಳ ಪಟ್ಟಿ, ಮೂರನೇ ವಾರ ಒಂದೇ ಒಂದು ಪುಟ. ಯಾರಾದರೂ ಪಕ್ಕದಲ್ಲಿ ಕೂತು ತಮ್ಮ ಪಾಡಿಗೆ ತಾವು ಓದುತ್ತಿದ್ದರೂ ಕೆಲಸ ಶುರುವಾಗುವುದು ತುಂಬಾ ಜನರ ಅನುಭವ. ತರಗತಿಗಳ ನಡುವಿನ ಖಾಲಿ ಗಂಟೆಗಳಿಗೆ ಜಾಗ ಗೊತ್ತು ಮಾಡಿಕೊಳ್ಳಿ. ಇಲ್ಲದಿದ್ದರೆ ಅವು ಸುಮ್ನೆ ಕರಗಿಹೋಗುತ್ತವೆ.

ಆಟಿಸಂ ಇರುವವರಿಗೆ ಮೊದಲ ವಾರವೇ ಅತಿ ಕಷ್ಟ. ಹೊಸ ಮುಖ, ಜೋರು ಸಂಗೀತ, ಬದಲಾಗುವ ವೇಳಾಪಟ್ಟಿ, ಎಲ್ಲವೂ ಒಟ್ಟಿಗೆ. ಎಲ್ಲ ಕಾರ್ಯಕ್ರಮಕ್ಕೂ ಹೋಗಬೇಕಿಲ್ಲ. ಅಗತ್ಯ ಇರುವ ಒಂದೆರಡು ಆರಿಸಿಕೊಳ್ಳಿ. ಉಳಿದವರಿಗಿಂತ ಒಂದೆರಡು ದಿನ ಮುಂಚೆ ಹಾಸ್ಟೆಲ್‌ಗೆ ಬರಲು ಅನುಮತಿ ಕೇಳಿ. ಒಬ್ಬರೇ ಇರುವ ಕೋಣೆಯನ್ನೂ ಹೊಂದಾಣಿಕೆಯಾಗಿ ಕೇಳಬಹುದು. ಗುಂಪು ಪ್ರಾಜೆಕ್ಟ್ ಇದ್ದರೆ ಯಾರ ಪಾಲು ಯಾವುದು ಎಂಬುದು ಬರಹದಲ್ಲಿರಲಿ. ಇನ್ನೊಂದು ಮಾತು. ದಿನವಿಡೀ ಉಳಿದವರಂತೆ ಕಾಣಲು ಕಷ್ಟಪಟ್ಟರೆ ಸಂಜೆಗೆ ಏನೂ ಉಳಿದಿರುವುದಿಲ್ಲ. ಅದು ತಿಂಗಳುಗಟ್ಟಲೆ ನಡೆದರೆ ಮಾತಾಡುವುದು, ಸ್ನಾನ ಮಾಡುವುದು ಕೂಡ ಕಷ್ಟವಾಗುವ ಮಟ್ಟಿಗೆ ಬಳಲುತ್ತಾರೆ. ಯಾರೂ ನೋಡದ, ಏನೂ ಮಾಡದ ಹೊತ್ತನ್ನು ವೇಳಾಪಟ್ಟಿಯಲ್ಲೇ ಬರೆದಿಡಿ.

ಕ್ಯಾಂಪಸ್ ನೋಡಿ ಬರುವುದು

ವೆಬ್‌ಸೈಟಿನಲ್ಲಿ "ಅಂಗವಿಕಲಸ್ನೇಹಿ ಕ್ಯಾಂಪಸ್" ಅಂತ ಇರಬಹುದು. ನಂಬಿ ಕೂರಬೇಡಿ, ಹೋಗಿ ನೋಡಿ. ರಜೆಯ ದಿನ ಬೇಡ, ತರಗತಿ ಬದಲಾಗುವ ಹೊತ್ತಿಗೆ ಹೋಗಿ. ಖಾಲಿ ಕಾರಿಡಾರ್ ಬೇರೆ, ಎಲ್ಲರೂ ಒಮ್ಮೆಲೇ ಹೊರಬರುವ ಕಾರಿಡಾರ್ ಬೇರೆ. ರ‍್ಯಾಂಪ್ ಇದೆಯಾ ಅಂತ ಮಾತ್ರವಲ್ಲ, ಅದರ ಮೇಲೆ ಬೈಕ್ ನಿಲ್ಲಿಸಿದ್ದಾರಾ ನೋಡಿ. ವೀಲ್‌ಚೇರ್ ಹೋಗುವ ಶೌಚಾಲಯಕ್ಕೆ ಬೀಗ ಇದ್ದರೆ ಕೀಲಿ ಯಾರ ಹತ್ತಿರ ಇರುತ್ತದೆ ಕೇಳಿ. ಒಂದು ತರಗತಿಯಿಂದ ಇನ್ನೊಂದಕ್ಕೆ ನಿಮ್ಮ ವೇಗದಲ್ಲಿ ಹೋಗಿ, ಎಷ್ಟು ನಿಮಿಷ ಆಯಿತು ಬರೆದುಕೊಳ್ಳಿ. ಬಿಡುವು ಹತ್ತು ನಿಮಿಷ, ದಾರಿ ಇಪ್ಪತ್ತು ನಿಮಿಷ ಆದರೆ ಓಡಬೇಕಾದವರು ನೀವಲ್ಲ, ಕೊಠಡಿ ಬದಲಾಯಿಸಬೇಕಾದವರು ಅವರು.

ಲಿಫ್ಟ್ ಕೆಟ್ಟರೆ ಏನು ಮಾಡುತ್ತೀರಿ ಅಂತ ಕೇಳಿ. ಉತ್ತರ ಇಲ್ಲದೆ ತಡವರಿಸಿದರೆ, ಹಿಂದೆ ಕೆಟ್ಟಾಗ ಯಾರೋ ಪಾಠ ತಪ್ಪಿಸಿಕೊಂಡಿರುವ ಸಾಧ್ಯತೆ ಇದೆ. ಬೆಂಕಿ ಬಿದ್ದಾಗ ಸಾಮಾನ್ಯವಾಗಿ ಲಿಫ್ಟ್ ಬಳಸುವಂತಿಲ್ಲ. ಮೂರನೇ ಮಹಡಿಯಲ್ಲಿ ವೀಲ್‌ಚೇರ್‌ನಲ್ಲಿರುವವರನ್ನು ಕೆಳಗಿಳಿಸುವುದು ಹೇಗೆ, ಯಾರು, ಅಲಾರಂ ಕೇಳಿಸದವರಿಗೆ ಗೊತ್ತಾಗುವುದು ಹೇಗೆ ಎಂಬುದನ್ನು ನಿಮ್ಮ ಹೆಸರಿನಲ್ಲಿ ಬರೆದ ಯೋಜನೆಯಾಗಿ ಕೇಳಿ ಪಡೆಯಿರಿ. ಹಾಸ್ಟೆಲ್‌ಗೂ ಅದು ಬೇಕು.

ಔಷಧಿ ವಿಷಯ ಚಿಕ್ಕದು, ಆದರೆ ಮರೆತರೆ ದೊಡ್ಡದಾಗುತ್ತದೆ. ಹದಿನೆಂಟರ ಆಸುಪಾಸಿನಲ್ಲಿ ಮಕ್ಕಳ ಡಾಕ್ಟರಿಂದ ದೊಡ್ಡವರ ಡಾಕ್ಟರಿಗೆ ಹೋಗಬೇಕಾಗುತ್ತದೆ. ಅದೇ ಹೊತ್ತಿಗೆ ಊರೂ ಬದಲಾದರೆ ನಡುವೆ ತಿಂಗಳುಗಳ ಖಾಲಿ ಬೀಳಬಹುದು. ಹೊಸ ಊರಿನ ಡಾಕ್ಟರ ಸಮಯ ಮೊದಲೇ ಗೊತ್ತು ಮಾಡಿಕೊಂಡು, ಔಷಧಿಯ ಹೆಸರು, ಪ್ರಮಾಣ, ಹಿಂದೆ ಒಗ್ಗದ ಔಷಧಿಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಹೋಗಿ. ಎಡಿಎಚ್‌ಡಿಗೆ ಕೊಡುವ ಕೆಲವು ಔಷಧಿಗಳು ಎಷ್ಟೋ ದೇಶಗಳಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ, ಕೆಲವು ಕಡೆ ಸಿಗುವುದೇ ಇಲ್ಲ. ಓದಲು ಬೇರೆ ದೇಶಕ್ಕೆ ಹೋಗುವವರು ಅಲ್ಲಿನ ನಿಯಮ ನೋಡದೆ ಬ್ಯಾಗಿಗೆ ಹಾಕಬೇಡಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಇಷ್ಟು ವರ್ಷ ಮಗುವಿನ ಪರವಾಗಿ ಮಾತಾಡಿದವರು ನೀವು. ಹದಿನೆಂಟು ದಾಟಿದ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಎಷ್ಟೋ ಯೂನಿವರ್ಸಿಟಿಗಳು ನಿಮ್ಮ ಜೊತೆ ಮಾತಾಡುವುದೇ ಇಲ್ಲ. ಹಾಗಾಗಿ ಡಾಕ್ಟರ ಹತ್ತಿರ, ಶಾಲೆಯ ಮೀಟಿಂಗ್‌ನಲ್ಲಿ ಮೊದಲ ಮಾತು ಮಗನೋ ಮಗಳೋ ಆಡಲಿ. ತಡವರಿಸಿದರೂ ನಡುವೆ ಬಾಯಿ ಹಾಕಬೇಡಿ. ಮಾತು ಬರದವರು ಬರೆದು ತೋರಿಸಲಿ, ಫೋನಿನಲ್ಲಿ ಟೈಪ್ ಮಾಡಲಿ, ಅದೂ ಮಾತೇ.

ತರಗತಿ ಶುರುವಾದ ಮೇಲೆ

ಮೂರನೇ ಅಥವಾ ನಾಲ್ಕನೇ ವಾರಕ್ಕೆ ಘಟಕದವರ ಜೊತೆ ಇನ್ನೊಂದು ಭೇಟಿಯನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಕಾಗದದ ಮೇಲೆ ಚೆನ್ನಾಗಿದ್ದ ಹೊಂದಾಣಿಕೆ ತರಗತಿಯಲ್ಲಿ ಕೆಲಸ ಮಾಡದೆ ಇರಬಹುದು. ಹಿಂದೆ ಬೇಡವಾಗಿದ್ದದ್ದು ಈಗ ಬೇಕಾಗಬಹುದು. ಬದಲಾಯಿಸಿ ಅಂತ ಕೇಳಿ. ಯಾರಾದರೂ ಪ್ರಾಧ್ಯಾಪಕರು ಮಂಜೂರಾದ ಹೊಂದಾಣಿಕೆ ಕೊಡದಿದ್ದರೆ ಅವರ ಜೊತೆ ನೀವೇ ಜಗಳಕ್ಕೆ ನಿಲ್ಲಬೇಕಿಲ್ಲ. ದಿನಾಂಕ ಹಾಕಿ, ನಡೆದದ್ದನ್ನು ಬರೆದು ಘಟಕಕ್ಕೆ ಕಳಿಸಿ. ಅಲ್ಲೂ ಆಗದಿದ್ದರೆ ಸಂಸ್ಥೆಯ ದೂರು ಅಧಿಕಾರಿ, ಅದರಾಚೆ ದೇಶದ ಅಂಗವಿಕಲರ ಆಯುಕ್ತರು ಅಥವಾ ಸಮಾನತೆಯ ಆಯೋಗ. ಭಾರತದಲ್ಲಿ ಕೇಂದ್ರಕ್ಕೂ ಪ್ರತಿ ರಾಜ್ಯಕ್ಕೂ ಇಂಥ ಆಯುಕ್ತರನ್ನು ನೇಮಿಸಲು 2016ರ ಕಾಯ್ದೆಯಲ್ಲೇ ಹೇಳಿದೆ.

ಹಾಗೇ ಸೇರಿದ ದಿನವೇ ಎರಡು ದಿನಾಂಕ ಕೇಳಿ ಗೋಡೆಗೆ ಅಂಟಿಸಿಕೊಳ್ಳಿ: ದಂಡವಿಲ್ಲದೆ ಒಂದು ವಿಷಯ ಕೈಬಿಡಲು ಕೊನೆಯ ದಿನ, ಮತ್ತು ಕಾಯಿಲೆಯ ಕಾರಣಕ್ಕೆ ಸೆಮಿಸ್ಟರ್ ಬಿಡುವು ಕೇಳಲು ಕೊನೆಯ ದಿನ. ಕಡಿಮೆ ವಿಷಯ ತೆಗೆದುಕೊಂಡರೆ ಸ್ಕಾಲರ್‌ಶಿಪ್, ಹಾಸ್ಟೆಲ್, ವೀಸಾಗೆ ಏನಾಗುತ್ತದೆ ಎಂಬುದನ್ನೂ ಆವತ್ತೇ ಕೇಳಿಡಿ. ಮೂರು ವರ್ಷದ ಕೋರ್ಸ್ ನಾಲ್ಕು ವರ್ಷದಲ್ಲಿ ಮುಗಿಸಿದರೂ ಕೈಗೆ ಸಿಗುವುದು ಅದೇ ಪದವಿ.